ಬೇವಿನ ಕಡೆಯ ಬೀಗರು

ಗಿಡ ನೆಡಿಸುವ ನೌಕರಿಯಲ್ಲಿ ಇದ್ದವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಿಡ ಬದುಕಿದರೆ ಒಂದು ಪ್ರಸಂಗ, ಸತ್ತರೆ ಎರಡು. ಎಂಬತ್ತರ ದಶಕದ ಶುರುವಿನಲ್ಲಿ ತುಮಕೂರಿನಲ್ಲಿ ನನಗೆ ಅಂಥ ನೌಕರಿ ಇತ್ತು, ಅದೂ ಹಂಗಾಮಿ. ಊರವರು ಸೇರಿ ಗಿಡ ನೆಡುತ್ತೇವೆ ಅಂದರೆ ಸರ್ಕಾರ ಅನುದಾನ ಕೊಡುತ್ತಿತ್ತು. ಸಸಿ ನಮ್ಮದು, ಗುಂಡಿ ತೋಡುವ ಕೂಲಿ ನಮ್ಮದು, ನೀರು ಹಾಕಿಸುವ ಖರ್ಚೂ ನಮ್ಮದೇ. ಸತ್ತ ಗಿಡಕ್ಕೆ ಮುಂದಿನ ವರ್ಷ ಬದಲಿ ಗಿಡ. ಬದಲಿಯೂ ಸತ್ತರೆ ಆ ಊರಿಗೆ ಅನುದಾನ ಬಂದ್. ಇದನ್ನೆಲ್ಲ ಸುತ್ತಿ ನೋಡಿಕೊಳ್ಳುವುದು ನನ್ನ ಕೆಲಸ.

ಅದೇ ಹೊತ್ತಿಗೆ ಕುಣಿಗಲ್‌ನಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗಿ ಒಪ್ಪಿದ್ದಳು. ನಾನಂತೂ ಅವಳು ಕಾಫಿ ಲೋಟ ಕೆಳಗಿಡುವ ಮೊದಲೇ ಒಪ್ಪಿದ್ದೆ. ಅವಳ ತಂದೆ ಮಾತ್ರ, "ನೌಕ್ರಿ ಪರ್ಮನೆಂಟ್ ಆಗ್ಲಿ, ಆಮೇಲೆ ನೋಡಣ" ಅಂದುಬಿಟ್ಟಿದ್ದರು. ನಮ್ಮ ಸಾಹೇಬರನ್ನು ಕೇಳಿದರೆ, "ಮೊದಲು ಗಿಡ ಬದುಕಿಸಿ ತೋರಿಸು" ಅನ್ನುತ್ತಿದ್ದರು. ಒಟ್ಟಿನಲ್ಲಿ ನನ್ನ ಮದುವೆ ಗಿಡಗಳ ಕೈಯಲ್ಲಿತ್ತು.

೧. ಅಜ್ಜನ ಕಾಲದ ಕಾವಲು

ಸಾಹೇಬರು ಕಾರವಾರದ ಕಡೆಯವರು, ನಮ್ಮ ಕಡೆಗೆ ಹೊಸಬರು. ಗುಬ್ಬಿ ಹತ್ತಿರದ ಒಂದು ಹಳ್ಳಿಯ ಯಜಮಾನರು ಅನುದಾನ ಕೇಳಿಕೊಂಡು ಕಚೇರಿಗೆ ಬಂದರು.

"ಗಿಡ ಎಲ್ಲಿ ನೆಡ್ತೀರಿ?" ಸಾಹೇಬರು ಕೇಳಿದರು.

"ಕಾವಲ್ನಾಗೆ ಸ್ವಾಮಿ."

"ಕಾವಲಿನಲ್ಲೇ? ಬಹಳ ಒಳ್ಳೇದು. ಹಗಲು ಮಾತ್ರವೋ, ರಾತ್ರಿಯೂ ಉಂಟೋ?"

ಯಜಮಾನರಿಗೆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. ಆದರೂ ಮರ್ಯಾದೆಯಿಂದ, "ಹಗ್ಲೂ ಕಾವಲೇ, ರಾತ್ರಿನೂ ಕಾವಲೇ. ನಮ್ಮ ಅಜ್ಜನ ಕಾಲ್ದಿಂದ್ಲೂ ಅದು ಕಾವಲೇ ಸ್ವಾಮಿ" ಅಂದರು. ಸಾಹೇಬರು ಖುಷಿಯಾಗಿ ನಾನು ಬಾಯಿ ತೆಗೆಯುವಷ್ಟರಲ್ಲಿ ಮಂಜೂರು ಮಾಡಿಬಿಟ್ಟರು.

ನಮ್ಮ ಕಡೆ ಕಾವಲ್ ಅಂದರೆ ದನ ಮೇಯುವುದಕ್ಕೇ ಬಿಟ್ಟ ಬಯಲು. ಮಳೆಗಾಲ ಮುಗಿದ ಮೇಲೆ ಸಾಹೇಬರ ಜೊತೆ ಜೀಪಿನಲ್ಲಿ ಹೋಗಿ ನೋಡಿದರೆ ಗುಂಡಿಗಳಿವೆ, ಗಿಡಗಳಿಲ್ಲ. ಸುತ್ತ ದನಗಳು ಮಲಗಿ ಮೆಲುಕು ಹಾಕುತ್ತಿವೆ.

"ಕಾವಲು ಎಲ್ಲಿ?" ಅಂತ ಸಾಹೇಬರು ಗುಡುಗಿದರು.

ಯಜಮಾನರು ಬಯಲಿನ ಉದ್ದಕ್ಕೂ ಕೈ ಬೀಸಿ, "ಕಣ್ಮುಂದೇನೇ ಐತಲ್ಲ ಸ್ವಾಮಿ!" ಅಂದರು.

"ಅಯ್ಯೋ, ಗಿಡ ಕಾಯೋರು ಯಾರು ಅಂತ ಕೇಳಿದೆ!"

"ಕಾಯೋದ್ಯಾಕೆ ಸ್ವಾಮಿ? ಮೇಯ್ದಿರೋವೆಲ್ಲ ನಮ್ಮೂರ ದನಗಳೇ. ಹೊರಗಿನ ಊರಿಂದು ಒಂದೂ ಬಂದಿಲ್ಲ."

೨. ಊಟಿಯಿಂದ ಊಟಕ್ಕೆ

ಆಗ ಎಲ್ಲಿ ನೋಡಿದರೂ ನೀಲಗಿರಿ ಗಿಡ ನೆಡಿಸುವ ಹುಚ್ಚು. ಒಂದು ಬೆಳಿಗ್ಗೆ ಸಾಹೇಬರು ನೀಲಗಿರಿ ಸಸಿ ನೋಡಿಕೊಂಡು ಬರಲು ಊರ ಪಕ್ಕದ ಕ್ಯಾತ್ಸಂದ್ರದ ನರ್ಸರಿಗೆ ಹೊರಟರು. ದಾರಿಯಲ್ಲಿ ಮಠಕ್ಕೂ ಹೋಗಿಬರೋಣ ಅಂತ ಅವರ ಹೆಂಡತಿಯೂ ಜೀಪು ಹತ್ತಿದರು. ಅವರು ಆ ಕಡೆ ಹೋದರು, ಈ ಕಡೆ ಬೆಂಗಳೂರಿನಿಂದ ದೊಡ್ಡ ಸಾಹೇಬರ ಟ್ರಂಕ್ ಕಾಲ್ ಬಂತು. ಫೋನ್ ಎತ್ತಿದ್ದು ನಮ್ಮ ಜವಾನ. ಆ ಕಡೆಯ ಕೂಗು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು.

"ಎಲ್ರೀ ನಿಮ್ಮ ಸಾಹೇಬ್ರು?"

"ನೀಲಗಿರಿಗೆ ಹೋಗವ್ರೆ ಸಾರ್."

"ನೀಲಗಿರಿಗಾ! ರಜಾ ಹಾಕಿಲ್ವಲ್ಲ? ಹೇಗೆ ಹೋದ್ರು?"

"ಆಫೀಸ್ ಜೀಪ್‌ನಲ್ಲೇ ಸಾರ್. ಅಮ್ಮಾವ್ರನ್ನೂ ಕರ್ಕೊಂಡು ಹೋದ್ರು."

ದೊಡ್ಡ ಸಾಹೇಬರು ಹಲ್ಲು ಕಡಿದುಕೊಂಡೇ ಕೇಳಿದರು, "ಅಲ್ಲಿ ಚೆನ್ನಾಗಿ ತಂಪಾಗಿದೆಯಂತೇನು?"

"ದಿನಾ ಬೆಳಿಗ್ಗೆ ನೀರು ಹೊಡೀತೀವಲ್ಲ ಸಾರ್, ತಂಪಾಗೇ ಇರ್ತದೆ."

"ಯಾವತ್ತು ವಾಪಸ್ ಬರ್ತಾರೆ?"

"ಯಾವತ್ತು ಏನ್ ಸಾರ್, ಮಧ್ಯಾಹ್ನ ಊಟಕ್ಕೆ ಬಂದ್ಬುಡ್ತಾರೆ."

"ಊಟಿಯಿಂದ ಊಟಕ್ಕಾ!" ಅನ್ನುವ ಕೂಗಿನ ಜೊತೆಗೆ ಲೈನ್ ಕಟ್ಟಾಯಿತು. ಜವಾನ ಫೋನ್ ಇಟ್ಟು ನನ್ನ ಕಡೆ ತಿರುಗಿದ. "ದೊಡ್ಡ ಸಾಹೇಬ್ರಿಗೆ ನಮ್ಮ ನರ್ಸರಿ ಮ್ಯಾಲೆ ಭಾಳ ಅಭಿಮಾನ ಕಣಣ್ಣ."

೩. ನೆರಳಿಗೆ ಒಗ್ಗರಣೆ

ಕುಣಿಗಲ್‌ನಲ್ಲಿ ಬೀದಿ ಬದಿಗೆ ಹೊಂಗೆ ನೆಡಿಸುವ ಕೆಲಸ ಬಂತು. ಹುಡುಗಿಯ ಮನೆ ಇದ್ದ ಬೀದಿಗೆ ನಾನು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡೇ ಹೋದೆ. ಬಾಗಿಲಲ್ಲಿ ಕಾಣಬೇಕಾದವಳು ಕಾಣಲಿಲ್ಲ. ಅವಳ ಅಜ್ಜಿ ಕಂಡರು.

"ಏನ್ ಗಿಡ ಇದು?"

"ಹೊಂಗೆ ಅಜ್ಜಿ. ಒಳ್ಳೆ ನೆರಳು ಬರುತ್ತೆ."

"ನೆರಳಿಗೆ ಒಗ್ಗರಣೆ ಹಾಕಕ್ಕಾಯ್ತದಾ? ತೆಂಗಿನ ಸಸಿ ಕೊಡು."

ಹೊಂಗೆ ಕೊಡುವುದಕ್ಕೆ ಮಾತ್ರ ಅಪ್ಪಣೆ ಇರೋದು, ಗಿಡ ಸತ್ತರೆ ಆಗ ಬದಲಿ ಬರುತ್ತೆ ಅಂತ ಸಮಾಧಾನ ಹೇಳಿ ನೆಡಿಸಿ ಬಂದೆ. ತಿಂಗಳು ಕಳೆಯುವಷ್ಟರಲ್ಲಿ ಅಜ್ಜಿಯಿಂದ ಹೇಳಿಕೆ ಬಂತು. ಗಿಡ ಸತ್ತೋಯ್ತು, ಬದಲಿಗೆ ತೆಂಗು ತಗೊಂಡು ಬಾ. ಗಾಬರಿಯಿಂದ ಬಸ್ಸು ಹತ್ತಿ ಹೋಗಿ ನೋಡಿದರೆ ಹೊಂಗೆ ಚಿಗುರಿ ನಳನಳಿಸುತ್ತಿದೆ.

"ಎಲ್ಲಜ್ಜಿ ಸತ್ತಿರೋದು? ಹಸಿರಾಗೇ ಇದೆಯಲ್ಲ!"

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಇವತ್ತು ಹಸಿರಾಗೈತೆ. ನೀನು ತೆಂಗು ತರೋ ಹೊತ್ಗೆ ಸಾಯ್ತದೆ, ಬುಡು" ಅಂದರು.

೪. ಎರಡನೇ ಸಂಬಂಧ

ದನಗಳು ಮೇಯ್ದು ಮುಗಿಸಿದ್ದ ಆ ಹಳ್ಳಿಯ ಕಾವಲಿಗೆ ಮಾರನೇ ವರ್ಷ ಬದಲಿ ಗಿಡ ಮಂಜೂರಾಯಿತು. "ಇವೂ ಹೋದರೆ ಊರಿಗೆ ಅನುದಾನವೂ ಇಲ್ಲ, ನಿನಗೆ ಪರ್ಮನೆಂಟೂ ಇಲ್ಲ" ಅಂದರು ಸಾಹೇಬರು. ನನಗೆ ಅನ್ನ ಸೇರದಂತಾಯಿತು. ನೌಕರಿ ಹೋಗಲಿ, ಹುಡುಗಿಯನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟರೆ?

ಆ ವರ್ಷವೇ ಅಲ್ಲಿಯ ಅರಳಿಕಟ್ಟೆಯ ಬೇವಿನ ಮರ ಗಾಳಿಗೆ ಉರುಳಿತ್ತು. ಅದಕ್ಕೂ ಬದಲಿ ಬೇಕು ಅಂದರು ಯಜಮಾನರು. ನರ್ಸರಿಯಲ್ಲಿ ನಾನೇ ನೀರು ಹಾಕಿ ಬೆಳೆಸಿದ್ದ ಒಂದು ಬೇವಿನ ಸಸಿ ಆರಿಸಿ, ಕಾವಲಿನ ಗಿಡಗಳ ಜೊತೆ ಲಾರಿಯಲ್ಲಿ ತಂದೆ. ಇಳಿಸಿದ ಕೂಡಲೇ ನೆಡಲು ಹೋದರೆ ಯಜಮಾನರು ಅಡ್ಡ ನಿಂತರು.

"ಅರಳಿ ಗಂಡು, ಬೇವು ಹೆಣ್ಣು. ಮದ್ವೆ ಇಲ್ದೆ ಒಂದೇ ಕಟ್ಟೆ ಮ್ಯಾಲೆ ಹೆಂಗೆ ಇರುಸ್ತೀರಿ?"

"ಅರಳಿಗೆ ಮದುವೆ ಆಗಿತ್ತಲ್ಲ?"

"ಅದು ಮೊದಲ್ನೇ ಹೆಂಡ್ತಿ ಜೊತೆ. ಇದು ಎರಡ್ನೇ ಸಂಬಂಧ. ಹೆಣ್ಣಿಗೆ ನೀರು ಹಾಕಿ ಸಾಕಿದೋರು ಯಾರು?"

"ನಾನೇ."

"ಅಂಗಾದ್ರೆ ಹೆಣ್ಣಿನ ಕಡೆಯೋರು ನೀವೇ. ಬನ್ನಿ, ಧಾರೆ ಎರೀರಿ."

ಮದುವೆಯಾಗದವನು ಧಾರೆ ಎರೆಯಬಹುದೇ ಅಂತ ಪುರೋಹಿತರು ಅನುಮಾನಿಸಿದರು. "ಹಂಗಾಮಿ ನೌಕ್ರು, ನಡೀತದೆ" ಅಂದುಬಿಟ್ಟರು ಯಜಮಾನರು. ವಾಲಗ ಊದಿಸಿ, ಅರಿಸಿನದ ದಾರ ಕಟ್ಟಿ, ಪಾಯಸದ ಊಟ ಹಾಕಿದರು. ಅವತ್ತಿನಿಂದ ಊರಿಗೆಲ್ಲ ನಾನು ಬೀಗರು. ಎಲೆಯ ಮುಂದೆ ಕೂತಿದ್ದಾಗ ನನಗೊಂದು ಉಪಾಯ ಹೊಳೆಯಿತು.

"ಯಜಮಾನ್ರೇ, ಕಾವಲ್‌ನಲ್ಲಿ ನೆಡೋ ಗಿಡಗಳೂ ಅದೇ ನರ್ಸರಿಯಲ್ಲಿ ಬೆಳೆದವು. ನಮ್ಮ ಹುಡುಗಿಗೆ ತಂಗಿಯರೇ ಆಗಬೇಕು."

ಯಜಮಾನರ ಕೈ ಎಲೆಯ ಮೇಲೇ ನಿಂತಿತು. "ಬೀಗರ ಮನೆ ಹೆಣ್ಮಕ್ಕಳ ಮ್ಯಾಲೆ ದನ ಬುಟ್ರೆ ಊರ ಮರ್ವಾದೆ ಏನಾಯ್ತದೆ?"

ಮರುದಿನವೇ ಕಾವಲಿನ ಗಿಡಗಳ ಸುತ್ತ ಮುಳ್ಳಿನ ಬೇಲಿ ಎದ್ದಿತು. ಬೇಸಿಗೆ ಕಳೆದರೂ ಗಿಡಗಳು ಹಾಗೇ ನಿಂತಿದ್ದವು. ಸಾಹೇಬರು ನೋಡಿ ಬಂದು ನನ್ನ ಬೆನ್ನು ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು.

ಆ ಸುದ್ದಿ ಕುಣಿಗಲ್ ಮುಟ್ಟಿತು. ಹುಡುಗಿಯ ತಂದೆ ಎಚ್ಚರದ ಮನುಷ್ಯ. ಹುಡುಗ ಎಂಥವನು ಅಂತ ವಿಚಾರಿಸಲು ಯಾರಿಗೂ ಹೇಳದೆ ಆ ಹಳ್ಳಿಗೇ ಹೋದರು. ಕಟ್ಟೆ ಮೇಲೆ ಕೂತಿದ್ದ ಯಜಮಾನರು ಬಾಯ್ತುಂಬ ಹೊಗಳಿದರು.

"ನಮ್ಮ ಬೀಗರಾ? ಚಿನ್ನದಂಥ ಮನುಷ್ಯ! ಅವ್ರ ಮಗಳನ್ನೇ ನಮ್ಮೂರಿಗೆ ತಂದ್ಕೊಂಡಿರೋದು."

"ಮ... ಮಗಳಾ?"

"ಅವ್ಳೊಬ್ಳೇ ಅಲ್ಲ. ತಂಗೀರು ಆ ಕಾವಲ್ ತುಂಬ ಅವ್ರೆ."

ಮಾವನಾಗಬೇಕಾದವರು ಸಿಕ್ಕಿದ ಬಸ್ಸು ಹತ್ತಿ ನೇರ ನಮ್ಮ ಕಚೇರಿಗೆ ಬಂದರು. "ಏನಯ್ಯಾ, ನಿಜ ಹೇಳು, ಎಷ್ಟು ಮಕ್ಕಳು ನಿನಗೆ?"

ಗಿಡಗಳನ್ನು ಯಾವಾಗಲೂ 'ನಿನ್ನ ಮಕ್ಕಳು' ಅಂತಲೇ ಕರೆಯುತ್ತಿದ್ದ ಸಾಹೇಬರು ಆಗತಾನೇ ಹೊರಗೆ ಬಂದರು. ಯಾವುದೋ ಊರಿನವರು ಸಸಿ ಕೇಳಲು ಬಂದಿದ್ದಾರೆ ಅಂದುಕೊಂಡು, "ಗುಬ್ಬಿಯ ಕಡೆಯೇ ಸಾವಿರದ ಮೇಲೆ ಉಂಟು ಮಾರಾಯರೇ! ಮೊದಲಿನವೆಲ್ಲ ಸತ್ತುಹೋದವು, ಪಾಪ. ಈ ಸಲದವು ಗಟ್ಟಿ. ಅದಕ್ಕೇ ಇವನನ್ನು ಪರ್ಮನೆಂಟ್ ಮಾಡಿಸ್ತಾ ಇದ್ದೇನೆ. ನಿಮ್ಮ ಊರಿಗೂ ಬೇಕಾದರೆ ಹೇಳಿ, ಕಳಿಸ್ತೇನೆ" ಅಂದರು.

ಬೆಂಚಿನ ಮೇಲೆ ಕುಸಿದವರಿಗೆ ನೀರು ಕುಡಿಸಿ, ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ಕೊನೆಗೆ ಕಚೇರಿ ಜೀಪಿನಲ್ಲೇ ಆ ಕಟ್ಟೆಗೆ ಕರೆದುಕೊಂಡು ಹೋದೆ. ಅರಿಸಿನದ ದಾರ ಕಟ್ಟಿಕೊಂಡು ಮೊಣಕಾಲುದ್ದ ನಿಂತಿದ್ದ ಬೇವನ್ನು ನೋಡಿದರು. ತಲೆ ಹಿಂದಕ್ಕೆ ಹಾಕಿ, ಆಕಾಶ ಮುಚ್ಚಿದ್ದ ಅರಳಿಮರವನ್ನೂ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದರು.

"ಅಳಿಯಂದ್ರೇ, ಹೆಣ್ಣು ಕೊಡೋ ಮುಂಚೆ ಗಂಡಿನ ವಯಸ್ಸು ವಿಚಾರಿಸಬಾರದೇನ್ರೀ?"