ಮಾಗಲು ಬಿಟ್ಟ ಪಿಂಚಣಿ

ಟೋಸ್ಟರ್ ಕೆಟ್ಟದ್ದೇ ಎಲ್ಲಕ್ಕೂ ಮೂಲ. ನೆವಿಲ್ ಬರ್ಟ್‌ವಿಸಲ್‌ನ ಎಪ್ಪತ್ತನೆಯ ಹುಟ್ಟುಹಬ್ಬದ ಬೆಳಿಗ್ಗೆ ಅದು ಒಮ್ಮೆ ಸೀನಿ, ಹೊಗೆ ಬಿಟ್ಟು, ಎರಡು ಬ್ರೆಡ್ ಚೂರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಣ್ಮುಚ್ಚಿತು.

"ಇನ್ನಾದ್ರೂ ಆ ಪಿಂಚಣಿ ಕೇಳ್ತೀಯಾ," ಎಂದಳು ಹೆಂಡತಿ ಮೊರೀನ್, "ಇಲ್ಲಾ ಅದನ್ನೂ ನಿನ್ನ ಜೊತೇಲೇ ಹೂಳಬೇಕಾ?"

ಅರವತ್ತಾರಕ್ಕೇ ಬರಬೇಕಿದ್ದ ಸರ್ಕಾರಿ ಪಿಂಚಣಿಯನ್ನು ನೆವಿಲ್ ಬೇಕೆಂದೇ ಕೇಳಿರಲಿಲ್ಲ. ಕೇಳದೆ ಸುಮ್ಮನಿದ್ದರೆ ಒಂಬತ್ತು ವಾರಕ್ಕೊಮ್ಮೆ ನೂರಕ್ಕೆ ಒಂದರಂತೆ ಅದು ಬೆಳೆಯುತ್ತದೆ, ಬೆಳೆದದ್ದು ಸಾಯುವವರೆಗೂ ವಾರವಾರ ಕೈಗೆ ಬರುತ್ತದೆ ಎಂದು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಕಾರ್ಯದರ್ಶಿ ಕ್ಲೈವ್ ಹೇಳಿದ್ದ. ಅಂದಿನಿಂದ ನೆವಿಲ್ ತನ್ನ ಪಿಂಚಣಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟ ಕಾಯಿಯಂತೆ ಮಾಗಲು ಬಿಟ್ಟಿದ್ದ. ಅಲ್ಲಿಯವರೆಗೆ ಮನೆ ನಡೆದದ್ದು ಮೊರೀನ್‌ಳ ಬೇಕರಿ ಸಂಬಳದಲ್ಲಿ. ಜೊತೆಗೆ, ತೊಂಬತ್ತು ದಾಟಿದ ಅತ್ತೆ ವಿನಿಫ್ರೆಡ್‌ಳನ್ನು ನೋಡಿಕೊಳ್ಳುವುದಕ್ಕಾಗಿ ಸರ್ಕಾರ ನೆವಿಲ್‌ಗೆ ಕೊಡುತ್ತಿದ್ದ ಆರೈಕೆ ಭತ್ಯೆಯಲ್ಲಿ. ಅತ್ತೆಯಾದರೋ, "ನನ್ನನ್ನ ಯಾರೂ ನೋಡ್ಕೊಳ್ಳಬೇಕಾಗಿಲ್ಲ" ಎನ್ನುತ್ತಲೇ ಗಳಿಗೆಗೊಮ್ಮೆ ಕೋಲು ಕುಟ್ಟಿ ಚಹಾ ಕೇಳುತ್ತಿದ್ದಳು.

ಮಾಗಿದ ಹಣ್ಣು ಯಾರ ಬಾಯಿಗೆಂಬುದೂ ಗೊತ್ತಾಗಿತ್ತು. ಫ್ರಿಜ್ಜಿನ ಬಾಗಿಲ ಮೇಲೆ ಮೊರೆಕ್ಯಾಂಬ್ ಕಡಲದಂಡೆಯ ಹಸಿರು ಕ್ಯಾರವಾನಿನ, ಎಂದರೆ ಗಾಲಿಯ ಮೇಲಿನ ಪುಟ್ಟ ಮನೆಯ, ಚಿತ್ರವಿತ್ತು. ಕೊಳ್ಳುವುದು ಮೊರೀನ್‌ಳ ಉಳಿತಾಯದಿಂದ, ಅದು ನಿಂತ ಜಾಗದ ಬಾಡಿಗೆ ಪಿಂಚಣಿಯ ಹೆಚ್ಚಳದಿಂದ. ಮಾರುವವನು ಸಂಜೆಯವರೆಗಷ್ಟೇ ಕಾಯುವೆನೆಂದಿದ್ದ.

ನೆವಿಲ್ ಪಿಂಚಣಿ ಕಚೇರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಸರದಿ ಬರುವವರೆಗೆ ಪಿಟೀಲು ನುಡಿಯಿತು. ಪಲ್ಲವಿಯೇ ಮತ್ತೆ ಮತ್ತೆ ಬರುತ್ತಿತ್ತು, ಚರಣ ಹುಟ್ಟಲೇ ಇಲ್ಲ.

ಹೊಗೆಯ ವಾಸನೆ ಹಿಡಿದು ಹಿಂಬಾಗಿಲಿನಿಂದ ಪಕ್ಕದ ಮನೆಯ ಬೆರಿಲ್ ಬಂದಳು. ಶುಭಾಶಯದ ಕಾರ್ಡು ಹಿಡಿದು ಮುಂಬಾಗಿಲಿನಿಂದ ಕ್ಲೈವ್ ಬಂದ.

"ಈಗಲೇ ಕೇಳ್ತಿದೀಯಾ?" ಕ್ಲೈವ್ ಕುರ್ಚಿ ಎಳೆದುಕೊಂಡ. "ಇನ್ನೊಂದು ವರ್ಷ ತಡಕೊಳ್ಳಯ್ಯ. ನಿಮ್ಮಪ್ಪ ಎಷ್ಟು ವರ್ಷ ಬದುಕಿದ್ದ?"

"ತೊಂಬತ್ತೊಂದು."

"ಮತ್ತೆ? ಇಂಥ ವಂಶದಲ್ಲಿ ಹುಟ್ಟಿ ಅವಸರ ಪಡ್ತಾರಾ?"

ನೆವಿಲ್ ಕರೆ ಕಡಿದುಹಾಕಿದ.

"ನನ್ನ ಗಂಡ ಸ್ಟ್ಯಾನೂ ಹೀಗೇ ಕಾಯ್ತಾ ಕೂತಿದ್ದ," ಎಂದಳು ಬೆರಿಲ್, ಯಾರನ್ನೂ ಕೇಳದೆಯೇ ಹುಟ್ಟುಹಬ್ಬದ ಕೇಕು ಕತ್ತರಿಸುತ್ತ. "ಮಂಗಳವಾರ ಅರ್ಜಿ ಹಾಕ್ತೀನಿ ಅಂದ. ಭಾನುವಾರ ಹೋಗಿಬಿಟ್ಟ. ನಿನ್ನ ಮುಖ ನೋಡ್ಕೊಂಡಿದೀಯಾ ನೆವಿಲ್? ಅದೇ ಬಣ್ಣ."

ಎದುರಿಗಿದ್ದದ್ದು ಟೋಸ್ಟರ್. ಅದರ ಹೊಳೆಯುವ ಉಬ್ಬಿದ ಹೊಟ್ಟೆಯಲ್ಲಿ ನೆವಿಲ್‌ಗೆ ಕಂಡದ್ದು ಕುಂಬಳಕಾಯಿಯಂತೆ ಊದಿದ ಹಳದಿ ಮುಖ. ಮತ್ತೆ ಫೋನು ಹಚ್ಚಿದ. ಸರದಿ ಮೊದಲಿನಿಂದ ಶುರುವಾಯಿತು.

"ಸ್ಟ್ಯಾನ್ ಸಿಗರೇಟು ಸೇದ್ತಿದ್ದ," ಎಂದ ಕ್ಲೈವ್. ನೆವಿಲ್‌ನ ಕೈ ಫೋನಿನತ್ತ ಹೋಯಿತು.

"ಸ್ಟ್ಯಾನ್ ಚಿಂತೆಯಿಂದ ಹೋದ," ಎಂದಳು ಬೆರಿಲ್. ಕೈ ಹಿಂದೆ ಬಂತು.

"ಆ ಕೈನ ಜೇಬಲ್ಲಿಟ್ಕೋ," ಎಂದಳು ಮೊರೀನ್. "ಇನ್ನೊಂದು ಸಲ ಮುಟ್ಟಿದ್ರೆ ಕ್ಯಾರವಾನಿಗೆ ನಾನೊಬ್ಬಳೇ ಹೋಗ್ತೀನಿ."

ಮೂಲೆಯ ಕುರ್ಚಿಯಿಂದ ಕೋಲು ಕುಟ್ಟಿತು. "ಟೋಸ್ಟ್ ಏನಾಯ್ತು?"

"ಬಂದೆ ಅತ್ತೆ."

ಮಧ್ಯಾಹ್ನ ದಾಟಿ, ಕೇಕು ಮುಗಿದು, ಬೆರಿಲ್ ತಟ್ಟೆ ಒರೆಸುತ್ತಿರುವಾಗ ಪಿಟೀಲು ನಿಂತಿತು. ಎಳೆಯ ಹೆಣ್ಣುದನಿಯೊಂದು ಹೆಸರು, ಜನ್ಮದಿನ ಎಲ್ಲ ಕೇಳಿತು.

"ಇವತ್ತೇ ನಿಮ್ಮ ಹುಟ್ಟುಹಬ್ಬ ಸರ್. ಶುಭಾಶಯ."

"ಉಡುಗೊರೆ ನಿಮ್ಮ ಹತ್ರಾನೇ ಇದೆಯಮ್ಮ. ನಾಲ್ಕು ವರ್ಷ ಕಾದಿದೀನಿ. ವಾರಕ್ಕೆ ಎಷ್ಟು ಹೆಚ್ಚಾಗಿದೆ, ಅದೊಂದು ಹೇಳಿಬಿಡಿ."

ಕೀಲಿಗಳು ಟಕಟಕ ಎಂದವು. ಮೊರೀನ್ ಕ್ಯಾರವಾನಿನ ಚಿತ್ರವನ್ನು ಬೆರಳಿನಿಂದ ನೆಟ್ಟಗೆ ಮಾಡಿದಳು.

"ಸರ್, ನೀವು ಆರೈಕೆ ಭತ್ಯೆ ತಗೊಳ್ತಾ ಇದೀರಲ್ವಾ?"

"ಹೌದು. ನಮ್ಮತ್ತೆಗೋಸ್ಕರ. ಐದು ವರ್ಷದಿಂದ ಒಂದು ವಾರಾನೂ ತಪ್ಪಿಲ್ಲ," ಎಂದ ನೆವಿಲ್ ಹೆಮ್ಮೆಯಿಂದ.

"ಆ ಭತ್ಯೆ ಬಂದ ವಾರಗಳು ಕಾದ ಲೆಕ್ಕಕ್ಕೆ ಸೇರಲ್ಲ ಸರ್. ಅರವತ್ತಾರಕ್ಕೆ ಬರಬೇಕಿದ್ದ ಪಿಂಚಣಿಯ ಮೇಲೆ ನಿಮಗೆ ಹೆಚ್ಚುವರಿ ಏನೂ ಇಲ್ಲ."

ಬೆರಿಲ್‌ಳ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ಕ್ಲೈವ್ ತಾನೇ ತಂದ ಶುಭಾಶಯದ ಕಾರ್ಡನ್ನು ಮೊದಲ ಸಲ ನೋಡುವವನಂತೆ ಓದತೊಡಗಿದ.

"ಏನೂ ಅಂದ್ರೆ?" ನೆವಿಲ್‌ನ ದನಿ ಪಾತಾಳದಿಂದ ಬಂತು.

"ಸೊನ್ನೆ ಸರ್. ಮತ್ತೆ, ಪಿಂಚಣಿ ಶುರುವಾದ್ರೆ ಭತ್ಯೆ ನಿಲ್ಲುತ್ತೆ. ಎರಡೂ ಒಟ್ಟಿಗೆ ಕೊಡಲ್ಲ."

ನೆವಿಲ್ ಮೂಲೆಯ ಕುರ್ಚಿಯತ್ತ ನೋಡಿದ. "ಭತ್ಯೆ ನಿಲ್ಲುತ್ತೆ. ಆದ್ರೆ, ಅತ್ತೆ?"

"ಅದಕ್ಕೆ ನಮ್ಮಲ್ಲಿ ಯಾವ ನಿಯಮಾನೂ ಇಲ್ಲ ಸರ್."

ಇವತ್ತಿನಿಂದಲೇ ಪಿಂಚಣಿ ಶುರುಮಾಡಿ ಎಂದು ನೆವಿಲ್ ಒಪ್ಪಿಕೊಂಡ ಮೇಲೆ ಫೋನು ನಿಂತಿತು. ಕ್ಲೈವ್‌ಗೆ ಕ್ಲಬ್ಬಿನ ಹುಲ್ಲು ಕತ್ತರಿಸುವುದು ನೆನಪಾಯಿತು, ಬೆರಿಲ್‌ಗೆ ಒಲೆಯ ಮೇಲಿಟ್ಟ ಏನೋ ಒಂದು. ಮೊರೀನ್ ಕ್ಯಾರವಾನಿನ ಚಿತ್ರ ಕಿತ್ತು ಮಡಿಸಿ, ಎರಡು ಸಲ ಮಡಿಸಿ, ಚಮಚದ ಡ್ರಾಯರಿನೊಳಗೆ ತಳ್ಳಿದಳು.

"ನನ್ನನ್ನ ಯಾರೂ ನೋಡ್ಕೊಳ್ಳಬೇಕಾಗಿಲ್ಲ ಅಂತ ಬಡ್ಕೊಂಡೆ," ಎಂದಳು ಅತ್ತೆ. "ಕೇಳಿದ್ನಾ?" ಕೋಲು ಮತ್ತೆ ಕುಟ್ಟಿತು. "ನೆವಿಲ್. ಟೋಸ್ಟ್."

ನೆವಿಲ್ ಬ್ರೆಡ್ಡಿನ ಚೂರೊಂದನ್ನು ಫೋರ್ಕಿಗೆ ಚುಚ್ಚಿ ಗ್ಯಾಸಿನ ಉರಿಗೆ ಹಿಡಿದ. ಬಿಟ್ಟಿ ಚಾಕರಿಯ ಮೊದಲ ಟೋಸ್ಟು ಅದು. ಬೆಣ್ಣೆ ಸವರಿ, ತಟ್ಟೆಯಲ್ಲಿಟ್ಟು, ತಲೆ ತಗ್ಗಿಸಿ ಒಪ್ಪಿಸಿದ.

ಅತ್ತೆ ಅದನ್ನು ತಿರುಗಿಸಿ ನೋಡಿದಳು.

"ಸೀದುಹೋಗಿದೆ. ಇನ್ನೊಂದು ಮಾಡು."