ಮೈನಸ್ ಏಳರ ಕಣ್ಣು ಮತ್ತು ಲೇಸರಿನ ವಿಚಾರ

ದಪ್ಪ ಕನ್ನಡಕದವರು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ಕೇಳಿಕೊಂಡು ಬರುತ್ತದೆ. ಐದನೇ ಕ್ಲಾಸಿನಲ್ಲಿ ನನ್ನ ಮೂಗಿನ ಮೇಲೆ ಕೂತ ಕನ್ನಡಕ ಈಗ, ನನ್ನ ನಲವತ್ತೊಂದನೇ ವಯಸ್ಸಿಗೆ, ಮೈನಸ್ ಏಳಕ್ಕೆ ಬಂದು ನಿಂತಿದೆ. ಅಂಕೋಲೆಯ ಪೇಟೆಯಲ್ಲಿ ನನ್ನದೊಂದು ರವಿಕೆ ಹೊಲಿಯುವ ಸಣ್ಣ ಅಂಗಡಿ. ಮದುವೆಯಾಗಲಿಲ್ಲ. ನನ್ನ ತಾಯಿ, ಆಯಿ, ಇದ್ದಾಗ ಇಂಥದ್ದೇನಾದರೂ ಆದರೆ ಊಟಕ್ಕೆ ಕೂತು ಇಬ್ಬರೂ ನಗುತ್ತಿದ್ದೆವು. ಆಯಿ ಹೋಗಿ ಎರಡು ವರ್ಷವಾಯಿತು. ಒಬ್ಬಳೇ ಕೂತು ನಕ್ಕರೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕುತ್ತಾರೆ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮೂಲೆಯ ಹಾವು

ಕನ್ನಡಕ ಕಳೆದರೆ ಹುಡುಕಲು ಕನ್ನಡಕವೇ ಬೇಕು. ಮೊದಲೆಲ್ಲ ಆಯಿ ಒಲೆಯ ಮುಂದಿನಿಂದಲೇ "ದಿಂಬಿನ ಎಡಕ್ಕೆ" ಎಂದು ಕೂಗುತ್ತಿದ್ದಳು. ಒಂದು ಬೆಳಿಗ್ಗೆ ದಿಂಬಿನ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ನೆಲವನ್ನೆಲ್ಲ ಕೈಯಿಂದ ಸವರಿ ಸಾಕಾಗಿ ಒಂದು ಉಪಾಯ ಮಾಡಿದೆ. ಮೊಬೈಲಿನಲ್ಲಿ ಕೋಣೆಯ ನಾಲ್ಕೂ ಮೂಲೆಯ ಫೋಟೋ ತೆಗೆದು, ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ನೋಡಿದೆ. ಹತ್ತಿರದ್ದು ನನಗೆ ಚೆನ್ನಾಗಿ ಕಾಣುತ್ತದೆ. ಕನ್ನಡಕ ಕಾಣಲಿಲ್ಲ. ಮೂಲೆಯ ಕತ್ತಲಲ್ಲಿ ಸುರುಳಿ ಸುತ್ತಿ ಮಲಗಿದ ಹಾವು ಕಂಡಿತು.

ಗೋಡೆ ಹಿಡಿದು ಹೊರಗೆ ಬಂದು ಪಕ್ಕದ ಮನೆಯವಳನ್ನು ಕರೆದೆ. ಅವಳು ದೊಣ್ಣೆ ಹಿಡಿದು ಒಳಗೆ ಹೋದಳು. ಆಮೇಲೆ ನನ್ನ ಅಳತೆ ಟೇಪನ್ನು ದೊಣ್ಣೆಯ ತುದಿಗೆ ನೇತುಹಾಕಿಕೊಂಡು ಬಂದು ಕೇಳಿದಳು, "ಹಾವಿನ ಮೈಮೇಲೆ ಇಂಚು ಬರೆದಿರ್ತದಾ ಮಾರಾಯ್ತಿ?"

ಕನ್ನಡಕ ಮನೆಯ ಹೊಲಿಗೆ ಯಂತ್ರದ ಮೇಲಿತ್ತು. ಅದನ್ನೂ ಅವಳೇ ತಂದುಕೊಟ್ಟಳು. ನಕ್ಕೆವು ನಿಜ. ಆದರೆ ಅವಳು ಹೋದಮೇಲೆ ಬೇರೆ ವಿಚಾರ ಬಂತು. ಪಕ್ಕದ ಮನೆಗೆ ಬೀಗ ಬಿದ್ದ ದಿವಸ ಹೀಗಾದರೆ? ಲೇಸರ್ ಮಾಡಿಸಿಕೊಂಡರೆ ಹೇಗೆ ಎಂದು ಮೊದಲು ಅನಿಸಿದ್ದು ಆ ಬೆಳಿಗ್ಗೆಯೇ.

ಕೈ ಬೀಸಿದವನು

ಮಳೆಗಾಲದಲ್ಲಿ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕನ್ನಡಕದ ತುಂಬ ಹನಿ. ಆ ಕಡೆಯಿಂದ ಯಾರೋ ನನಗೆ ಕೈ ಬೀಸುತ್ತಿದ್ದರು. ಒಂದು ಸಲ ಅಲ್ಲ, ಬಿಡದೆ ಬೀಸುತ್ತಿದ್ದರು. ನನ್ನನ್ನು ಅಷ್ಟು ಪ್ರೀತಿಯಿಂದ ಕರೆಯುವವರು ಯಾರಿರಬಹುದು ಎಂದು ಯೋಚಿಸಿ, ಶಾಲೆಯ ಗೆಳತಿಯೇ ಇರಬೇಕು ಎಂದು ನಾನೂ ಕೊಡೆ ಎತ್ತಿ ಬೀಸಿದೆ. ನಗುತ್ತ, ಕೆಸರು ದಾಟಿ ಹತ್ತಿರ ಹೋದೆ.

ಒಬ್ಬ ಡ್ರೈವರ್ ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ.

"ಎಂತ ಬೇಕಿತ್ತು ಅಕ್ಕಾ?"

"ಎಂತ ಇಲ್ಲ. ನೀವು ಕರೆದ ಹಾಗೆ ಕಂಡಿತು."

ಅವನು ನನ್ನ ಮುಖ ನೋಡಿದ, ಕೈಯಲ್ಲಿದ್ದ ಬಟ್ಟೆ ನೋಡಿದ. "ನಾ ಕರೀಲಿಲ್ಲ. ಇರ್ಲಿ, ಬಂದದ್ದು ಬಂದ್ರಿ, ನಿಮ್ಮ ಗಾಜೂ ಒರೆಸಿಕೊಡ್ಲಾ?"

ಗಿರಾಕಿಗಳ ಸಲಹೆ

ಲೇಸರ್ ವಿಚಾರ ಅಂಗಡಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಒಬ್ಬಳು ಕಣ್ಣಿಗೆ ಬೆಂಕಿ ಇಡುವುದು ಅಂದಳು, ಇನ್ನೊಬ್ಬಳು ಹತ್ತು ನಿಮಿಷದ ಕೆಲಸ ಅಂದಳು. ಅಗಸೂರಿನಿಂದ ಬರುವ ಹಳೇ ಗಿರಾಕಿಯೊಬ್ಬರು ಮಾತ್ರ ಎಲ್ಲ ಕೇಳಿ, ರವಿಕೆಯ ತೋಳನ್ನು ತಿರುಗಿಸಿ ನೋಡಿ ಹೇಳಿದರು, "ಮಾಡಿಸ್ಕೊಳ್ಳೂದಕ್ಕೆ ಮೊದಲು ಒಂದು ವಿಚಾರ ಮಾಡು ತಂಗಿ. ಈಗ ಹೊಲಿಗೆ ವಾರೆಯಾದ್ರೆ ಪಾಪ, ಕಣ್ಣು ಕಾಣೂದಿಲ್ಲ ಹೇಳಿ ಸುಮ್ಮನಿರ್ತೇವೆ. ಆಮೇಲೆ ಎಂತ ಹೇಳ್ತೆ?"

ಸಂಬಂಧ ಏನು?

ಕೊನೆಗೆ ಕಾರವಾರದ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ. ಲೇಸರ್ ಯಂತ್ರ ಇರುವುದು ಹುಬ್ಬಳ್ಳಿಯಲ್ಲಿ, ತಪಾಸಣೆ ಮಾತ್ರ ಇಲ್ಲಿ. ಚೀಟಿ ಮಾಡಿಸುವಾಗಲೇ ನರ್ಸ್ ಕೇಳಿದಳು, "ಸಂಗಡ ಯಾರು ಬಂದಿದಾರೆ? ಔಷಧಿ ಬಿಟ್ಟ ಮೇಲೆ ನಾಲ್ಕೈದು ತಾಸು ಸರಿ ಕಾಣೂದಿಲ್ಲ. ಒಬ್ಬರನ್ನೇ ಬಿಡೂದಿಲ್ಲ ನಾವು."

ಹಿಂದೆ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. "ಅವರೇ, ನಮ್ಮ ಮಾವಶಿ" ಎಂದುಬಿಟ್ಟೆ. ಚೀಟಿಯಲ್ಲಿ 'ಸಂಬಂಧ' ಎಂಬಲ್ಲಿ ನರ್ಸ್ 'ಚಿಕ್ಕಮ್ಮ' ಎಂದು ಬರೆದುಕೊಂಡಳು.

ನಮ್ಮಿಬ್ಬರ ಕಣ್ಣಿಗೂ ಔಷಧಿ ಬಿಟ್ಟು ಅದೇ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರಿಸಿದರು. ಕತ್ತಲೆಯಲ್ಲೇ ಮುದುಕಿ ಮಾತು ತೆಗೆದಳು. ದೇವಬಾಗದವಳು, ಮೀನು ಮಾರಿ ಬದುಕಿದವಳು, ಪೊರೆ ತೋರಿಸಲು ಬಂದಿದ್ದಳು.

"ನಿನ್ನ ಸಂಗಡ ಯಾರು ಗೋ?"

"ಯಾರೂ ಇಲ್ಲ. ನಿಮ್ಮ ಸಂಗಡ?"

"ಮಗ ಬೋಟಿಗೆ ಹೋಗಿದಾನೆ. ಸೊಸೆ ಬಂದಿದಾಳೆ ಹೇಳಿ ನರ್ಸಿಗೆ ನಿನ್ನನ್ನೇ ತೋರಿಸಿದ್ದೇನೆ. ಸಿಟ್ಟು ಮಾಡ್ಬೇಡ. ಮಗನಿಗೆ ಇನ್ನೂ ಮದುವೆಯೇ ಆಗ್ಲಿಲ್ಲ."

ನಾನೂ ತಪ್ಪೊಪ್ಪಿಕೊಂಡೆ. ಅವಳು ತಡವಿ ನನ್ನ ಕೈ ಹಿಡಿದುಕೊಂಡಳು. ಒಣಗಿದ, ಉಪ್ಪಿನಂಥ ಕೈ. ಒಳಗೆ ಕರೆಯುವವರೆಗೂ ಬಿಡಲಿಲ್ಲ. ಎರಡು ವರ್ಷದಲ್ಲಿ ಅಳತೆ ತೆಗೆಯುವಾಗ ಬಿಟ್ಟರೆ ನಾನು ಯಾರನ್ನೂ ಮುಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು.

ಡಾಕ್ಟರು ನೋಡಿ ಹೇಳಿದರು, "ನಿಮ್ಮ ಕಣ್ಣಿಗೆ ಲೇಸರ್ ಆಗ್ತದೆ. ದೂರದ್ದು ಚೆನ್ನಾಗಿ ಕಾಣ್ತದೆ. ಆದ್ರೆ ಈ ವಯಸ್ಸಿಗೆ ಹತ್ತಿರದ್ದಕ್ಕೆ ಬೇರೆ ಕನ್ನಡಕ ಬೇಕಾಗ್ತದೆ. ಹೊಲಿಗೆ ಕೆಲಸ ಅಂದ್ರಲ್ಲ, ಈಗ ಸೂಜಿಗೆ ದಾರ ಹೇಗೆ ಹಾಕ್ತೀರಿ?"

"ಕನ್ನಡಕ ತೆಗೆದು, ಮೂಗಿನ ಹತ್ತಿರ ಹಿಡಿದು."

"ಆಮೇಲೆ ಹಾಗೆ ಆಗೂದಿಲ್ಲ. ಯೋಚನೆ ಮಾಡಿ."

ಯೋಚನೆ ಮಾಡಲು ಬಹಳ ಹೊತ್ತು ಬೇಕಾಗಲಿಲ್ಲ. ನನ್ನ ಅನ್ನ ಇರುವುದು ಮೂಗಿನಿಂದ ಒಂದು ಗೇಣಿನೊಳಗೆ. ದೂರದಲ್ಲಿ ನನಗಾಗಿ ಕಾದು ನಿಂತವರು ಯಾರೂ ಇಲ್ಲ. ಬೇಡ ಎಂದೆ. ಹಾಗಾದರೆ ಇನ್ನೊಂದು ಜೊತೆ ಕನ್ನಡಕ ಮಾಡಿಸಿ ಇಟ್ಟುಕೊಳ್ಳಿ ಎಂದರು. ಅಷ್ಟು ಸುಲಭದ ಮಾತು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಮುದುಕಿಯೂ ನಾನೂ ಕೈ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋಗಿ, ಕಣ್ಣು ತಿಳಿಯಾಗುವವರೆಗೆ ಕೂತು, ನಮ್ಮ ನಮ್ಮ ಬಸ್ ಹತ್ತಿದೆವು. ಆದರೆ ಆಸ್ಪತ್ರೆಯಿಂದ ಹೊರಗೆ ಬೀಳುವ ಮೊದಲು ನರ್ಸ್ ನಮ್ಮನ್ನು ತಡೆದಿದ್ದಳು. ಅವಳ ಒಂದೊಂದು ಕೈಯಲ್ಲಿ ಒಂದೊಂದು ಚೀಟಿ.

"ಇದರಲ್ಲಿ ಇವರು ನಿಮಗೆ ಚಿಕ್ಕಮ್ಮ. ಅದರಲ್ಲಿ ನೀವು ಇವರಿಗೆ ಸೊಸೆ. ಚಿಕ್ಕಮ್ಮನ ಮಗ ಅಂದ್ರೆ ಅಣ್ಣನೋ ತಮ್ಮನೋ ಆಗ್ಬೇಕು. ಅವನನ್ನು ಮದುವೆ ಆಗೂದು ಹೇಗೆ?"

ಮುದುಕಿ ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡೇ ನಿಧಾನಕ್ಕೆ ಹೇಳಿದಳು:

"ಅದಕ್ಕೇ ನೋಡು ನರ್ಸಮ್ಮ, ಮನೆಯವರು ಯಾರೂ ನಮ್ಮ ಸಂಗಡ ಬರ್ಲಿಲ್ಲ."