ಗೇಟಿಗೆ ಅಡ್ಡ ನಿಂತ ಲಾರಿಯ ಗಾಳಿ ಬಿಡುವ ಮುನ್ನ ಪಾಲಿಸತಕ್ಕ ಕ್ರಮಗಳು

ಸಹಾಯಕ ನಿರ್ದೇಶಕರ ಕಚೇರಿ, ದೊಡ್ಡಬಳ್ಳಾಪುರ
(ಇಲಾಖೆಯ ಹೆಸರನ್ನು ಮಾನದ ದೃಷ್ಟಿಯಿಂದ ಕೈಬಿಡಲಾಗಿದೆ)

ಸಂಖ್ಯೆ: ಸನಿಕ/ದೊಬ/ಗಾಳಿ/07/2025-26

ಸುತ್ತೋಲೆ

ವಿಷಯ: ಗಾಳಿಯಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕುಳ್ಳ ಲಾರಿಗಳನ್ನು ಶಿಕ್ಷಿಸಲು ಹೋಗಿ ಕಚೇರಿಯೇ ಶಿಕ್ಷೆಗೊಳಗಾಗುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
1. ಗೇಟಿನ ಮುಂದೆ ನಿಲ್ಲಿಸಿದ ದ್ವಿಚಕ್ರ ವಾಹನಗಳ ಗಾಳಿ ಬಿಡುವ ಬಗ್ಗೆ ಈ ಕಚೇರಿಯಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ.
2. ಅಟೆಂಡರ್ ಶ್ರೀ ಆವಲಪ್ಪನವರ ಮೌಖಿಕ ಹೇಳಿಕೆ.
3. ಆವತಿಯಿಂದ ಬಂದ ದೂರವಾಣಿ ಕರೆ (ಸ್ಪೀಕರ್ ಆನ್ ಆಗಿದ್ದುದರಿಂದ ಇಡೀ ಕಚೇರಿಗೆ ತಲುಪಿರುತ್ತದೆ).

ಪ್ರಸ್ತಾವನೆ:

ಕಳೆದ ಶುಕ್ರವಾರ ಈ ಕಚೇರಿಯ ಸಹಾಯಕ ನಿರ್ದೇಶಕರಾದ ಶ್ರೀ ಭೀಮರಾಜ್ ಅವರ ಒಬ್ಬಳೇ ಮಗಳು ಕು. ಚಂದನ ಅವರ ನಿಶ್ಚಿತಾರ್ಥವು ಆವತಿಯ ಮನೆಯಲ್ಲಿ ಏರ್ಪಾಡಾಗಿತ್ತು. ಸದರಿಯವರು ಅಂದು ರಜೆ ಹಾಕದೆ, ಬೆಳಿಗ್ಗೆ ಕಚೇರಿಗೆ ಬಂದು ಬೆರಳೊತ್ತಿ ಹಾಜರಿ ಹಾಕಿ, ಅನಂತರ 'ಸ್ಥಳ ಪರಿಶೀಲನೆ' ನಿಮಿತ್ತ ಇಲಾಖೆಯ ಜೀಪಿನಲ್ಲಿ ಆವತಿಗೆ ತೆರಳಲು ಉದ್ದೇಶಿಸಿದ್ದರು. ಅಷ್ಟರಲ್ಲಿ ಗೇಟಿಗೆ ಅಡ್ಡಲಾಗಿ ಲಾರಿಯೊಂದು ನಿಂತಿರುವುದು ಕಿಟಕಿಯಿಂದ ಕಂಡುಬಂದಿತು. ಅದರ ಗಾಳಿ ಬಿಡಿಸಲಾಯಿತು. ಯಾರು ಬಿಡಿಸಿದರು ಎಂಬುದನ್ನು ಈ ಸುತ್ತೋಲೆಯಲ್ಲಿ ಬರೆಯಕೂಡದೆಂದು ಸಹಾಯಕ ನಿರ್ದೇಶಕರು ಆದೇಶಿಸಿರುವುದರಿಂದ ಬರೆದಿರುವುದಿಲ್ಲ.

ಮುಂದೆ ಇಂತಹ ಪ್ರಸಂಗ ಮರುಕಳಿಸದಂತೆ ಸಮಸ್ತ ಸಿಬ್ಬಂದಿಯು ಈ ಕೆಳಕಂಡವುಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು.

1. 'ಗಾಳಿ ಬಿಡು' ಎಂದು ಆದೇಶಿಸುವವರು ಯಾವ ಗಾಳಿ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು. ಲಾರಿಯ ಚಕ್ರದ ಮುಚ್ಚಳ ಬಿಗಿಯಾಗಿದ್ದುದರಿಂದ ಶ್ರೀ ಆವಲಪ್ಪನವರು ಲಾರಿಯ ಅಡಿಗೆ ನುಸುಳಿ, ಅಲ್ಲಿದ್ದ ಗಾಳಿ ಟ್ಯಾಂಕಿನ ಕೆಳಗೆ ತೂಗಾಡುತ್ತಿದ್ದ ಉಂಗುರವನ್ನು ಎಳೆದಿರುತ್ತಾರೆ. ಬೆರಳು ನೋಯಲಾರಂಭಿಸಿದಾಗ ಉಂಗುರ ಹಿಂದಕ್ಕೆ ಹೋಗದಂತೆ ಒಂದು ಹೊಂಗೆ ಕಡ್ಡಿ ಸಿಕ್ಕಿಸಿ, ಟೀ ಕುಡಿಯಲು ತೆರಳಿರುತ್ತಾರೆ. ಈ ಬಗ್ಗೆ ಕೆಳಸಹಿದಾರರು ವಿವರಣೆ ಕೇಳಲಾಗಿ, "ಗಾಳಿ ಅಂದ್ರೆ ಗಾಳಿ ಅಲ್ವಾ ಮೇಡಂ, ಎಲ್ಲಿಂದ ಬಿಟ್ರೇನು?" ಎಂದು ತಿಳಿಸಿರುತ್ತಾರೆ. ವಿವರಣೆಯನ್ನು ತಳ್ಳಿಹಾಕಲು ಯಾವುದೇ ನಿಯಮ ದೊರೆತಿರುವುದಿಲ್ಲ.

2. ಟ್ಯಾಂಕಿನಿಂದ 'ಟುಸ್ಸ್' ಎಂಬ ಶಬ್ದ ಬಂದಾಗ ಅದನ್ನು ಹಾವೆಂದು ಭಾವಿಸಿ ಮೇಜು ಹತ್ತತಕ್ಕದ್ದಲ್ಲ. ಹತ್ತಲೇಬೇಕಾದಲ್ಲಿ ತಮ್ಮ ತಮ್ಮ ಮೇಜನ್ನೇ ಹತ್ತತಕ್ಕದ್ದು.

3. ಲಾರಿಯ ಬ್ರೇಕು ಕೆಲಸ ಮಾಡುವ ಬಗೆ ತಿಳಿಯದೆ ಯಾರೂ ಲಾರಿಯ ಬಳಿ ಸುಳಿಯತಕ್ಕದ್ದಲ್ಲ. ಎಂಜಿನ್ ಓಡುವಾಗ ಅದಕ್ಕೆ ಜೋಡಿಸಿದ ಪಂಪು ಹೊರಗಿನ ಗಾಳಿಯನ್ನು ಎಳೆದು ಟ್ಯಾಂಕಿನಲ್ಲಿ ಒತ್ತಿ ತುಂಬುತ್ತದೆ. ಚಾಲಕರು ಪೆಡಲ್ ಒತ್ತಿದಾಗ ಆ ಗಾಳಿ ಪೈಪಿನಲ್ಲಿ ಚಕ್ರದವರೆಗೆ ಹೋಗಿ ಒಂದು ಸನ್ನೆಕೋಲನ್ನು ನೂಕುತ್ತದೆ. ಆಗ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಎರಡೂ ಕಡೆಯಿಂದ ಇಕ್ಕಳದಂತೆ ಅಮುಕಿ ಹಿಡಿಯುತ್ತವೆ. ಇದು ಓಡುವ ಲಾರಿಯನ್ನು ನಿಲ್ಲಿಸುವ ಬಗೆ.

ನಿಂತ ಲಾರಿಯನ್ನು ಹಿಡಿದಿಡುವ ಬಗೆ ಬೇರೆ. ಅಲ್ಲಿ ಬಲವಾದ ಸ್ಪ್ರಿಂಗ್ ಒಂದು ಯಾವಾಗ ಅಮುಕಲಿ ಎಂದು ಕಾದು ಕುಳಿತಿರುತ್ತದೆ. ಗಾಳಿಯ ಒತ್ತಡವೇ ಅದನ್ನು ಹಿಂದಕ್ಕೆ ತಳ್ಳಿ ಇಟ್ಟಿರುತ್ತದೆ. ಗಾಳಿ ಹೋಯಿತೋ, ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕು ಬಿಗಿದುಬಿಡುತ್ತದೆ. ಅಂದರೆ, ಗಾಳಿ ಬಿಟ್ಟರೆ ಲಾರಿ ಬುದ್ಧಿ ಕಲಿತು ಹೊರಡುವುದಿಲ್ಲ. ನಮ್ಮ ಗೇಟಿನಲ್ಲೇ ಸಂಸಾರ ಹೂಡುತ್ತದೆ. ಈ ತತ್ವವನ್ನು ಸಿಬ್ಬಂದಿ ಸಭೆಯಲ್ಲಿ ವಿವರಿಸುವಾಗ "ಮಾಡಿದ್ದುಣ್ಣೋ ಮಹಾರಾಯ" ಎಂದು ಹಿಂದಿನ ಸಾಲಿನಿಂದ ಯಾರೋ ಅಂದಿದ್ದು, ಸದರಿಯವರನ್ನು ಪತ್ತೆ ಹಚ್ಚಲಾಗುತ್ತಿದೆ.

4. ಬೆಂಚಿನ ಮೇಲೆ ಕೂರಿಸಿದ ಸಾರ್ವಜನಿಕರನ್ನು, ಅವರು ಬಂದ ಕಾರಣ ಏನೆಂದು ಅದೇ ದಿನವೇ ಕೇಳತಕ್ಕದ್ದು. ಲಾರಿಯ ಚಾಲಕ ಯಾರೆಂದು ಊರೆಲ್ಲ ಹುಡುಕಿಸಲಾಗಿ, ಅನುಗೊಂಡನಹಳ್ಳಿಯ ಪಿಳ್ಳಪ್ಪ ಎಂಬ ಸದರಿ ಚಾಲಕರು ನಮ್ಮ ಕಚೇರಿಯ ಬೆಂಚಿನ ಮೇಲೆಯೇ ಪತ್ತೆಯಾಗಿರುತ್ತಾರೆ. "ಬಂದಾಗಿಂದ ಹೇಳ್ತಾನೇ ಇದೀನಲ್ಲ ಸಾರ್, ಭೀಮರಾಜ್ ಸಾಹೇಬ್ರುನ್ನ ನೋಡ್ಬೇಕು ಅಂತ! ಕೂತ್ಕೊ ಅಂದ್ರು, ಕೂತ್ಕೊಂಡೆ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಎಲ್ಲಾ ತಂದಿದೀನಿ. ಆವತಿಗೆ ನಿಮ್ ಜೀಪ್ ಹಿಂದೆ ಬಾ ಅಂತ ನೀವೇ ಫೋನ್ ಮಾಡಿದ್ರಂತಲ್ಲ" ಎಂದು ಸಹಾಯಕ ನಿರ್ದೇಶಕರಿಗೇ ತಿಳಿಸಿರುತ್ತಾರೆ. ಟಾರ್ಪಾಲು ಎತ್ತಿ ನೋಡಲಾಗಿ, ಹೇಳಿಕೆಯು ಸತ್ಯವೆಂದು ಕಂಡುಬಂದಿತು. ಸಹಾಯಕ ನಿರ್ದೇಶಕರು ಅನ್ನದ ಡಬರಿಯನ್ನು ಬಹಳ ಹೊತ್ತು ನೋಡಿದರು.

5. ಗಾಳಿ ಬಿಟ್ಟಿರುವ ವಿಚಾರವನ್ನು ಚಾಲಕರಿಂದ ಮುಚ್ಚಿಡತಕ್ಕದ್ದಲ್ಲ. "ತಾನಾಗೇ ಏನೋ ಕೆಟ್ಟಿರ್ಬೇಕು ಕಣಪ್ಪಾ, ಸ್ವಲ್ಪ ನೋಡು" ಎಂದು ಹೇಳುವುದು ಸೇವಾ ನಿಯಮಗಳಿಗೆ ವಿರುದ್ಧವಲ್ಲವಾದರೂ, ಪ್ರಯೋಜನಕಾರಿಯಲ್ಲ. ಪಿಳ್ಳಪ್ಪನವರು ಎಂಜಿನ್ ಓಡಿಸಿ ಗಾಳಿ ತುಂಬಲು ಕಾದು ಕುಳಿತರೂ ಗಾಳಿಯ ಒತ್ತಡ ತೋರಿಸುವ ಮುಳ್ಳು ಮೇಲೇರಿರುವುದಿಲ್ಲ. ಎಂಜಿನ್ನಿನ ಸದ್ದಿನಲ್ಲಿಯೂ, ಸುತ್ತ ನಿಂತವರು ಏಕಕಾಲದಲ್ಲಿ ಕೊಡುತ್ತಿದ್ದ ಸಲಹೆಗಳ ಸದ್ದಿನಲ್ಲಿಯೂ, ತುಂಬಿದ ಗಾಳಿ ಅಡಿಯಿಂದ ಸೋರುತ್ತಿದ್ದುದು ಯಾರಿಗೂ ಕೇಳಿಸಿರುವುದಿಲ್ಲ.

6. ಬ್ರೇಕು ಬಿಗಿದ ಲಾರಿಯನ್ನು ತಳ್ಳತಕ್ಕದ್ದಲ್ಲ. ತಳ್ಳಿಯೇ ತೀರುವುದಾದರೆ ಸೇವಾ ಜ್ಯೇಷ್ಠತೆಯ ಅನುಸಾರ ನಿಲ್ಲತಕ್ಕದ್ದು. ಅಂದು ಪ್ರಥಮ ದರ್ಜೆ ಸಹಾಯಕರು ದ್ವಿತೀಯ ದರ್ಜೆಯವರ ಹಿಂದೆ ನಿಲ್ಲಲು ಒಪ್ಪದ ಕಾರಣ ತಳ್ಳುವ ಕಾರ್ಯವು ಎರಡು ಬಾರಿ ಸ್ಥಗಿತಗೊಂಡಿತು. ಬಳಿಕ ಎಲ್ಲರೂ ಒಟ್ಟಾಗಿ "ಐಸಾ" ಎಂದು ತಳ್ಳಿದರೂ ಲಾರಿ ಕದಲಲಿಲ್ಲ. ಜೀಪಿನ ಚಾಲಕರ ಸೊಂಟ ಮಾತ್ರ ಕದಲಿತು.

7. ಖಾಸಗಿ ಕರೆಗಳನ್ನು ಸ್ಪೀಕರಿನಲ್ಲಿ ಹಾಕತಕ್ಕದ್ದಲ್ಲ. ಮುಹೂರ್ತ ಸಮೀಪಿಸಿದಾಗ ಕೆಳಸಹಿದಾರರು ತಮ್ಮ ಸ್ಕೂಟರಿನಲ್ಲಿ ಬಿಟ್ಟುಬರುವುದಾಗಿ ಹೇಳಿದರೂ, "ಪಾತ್ರೆ ಇಲ್ಲಿ ಬಿಟ್ಟು ನಾನೊಬ್ನೇ ಹೋಗಿ ಯಾವ್ ಮುಖ ತೋರಿಸ್ಲಮ್ಮ, ಅಷ್ಟು ಜನಕ್ಕೆ ಊಟ ಆಗ್ಬೇಕಲ್ಲ" ಎಂದು ಸಹಾಯಕ ನಿರ್ದೇಶಕರು ನಿರಾಕರಿಸಿದರು. ಆಗಲೇ ಆವತಿಯಿಂದ ಕರೆ ಬಂದಿತು. ಮುಹೂರ್ತ ಮೀರುವುದೆಂದೂ, ಚಿಕ್ಕಪ್ಪನ ಕೈಯಿಂದ ತಾಂಬೂಲದ ತಟ್ಟೆ ಬದಲಾಯಿಸಿಬಿಡಿ ಎಂದೂ ಗಂಡಿನ ಕಡೆಯ ಹಿರಿಯರು ಹೇಳುತ್ತಿದ್ದುದು ಕೇಳಿಸಿತು. ಅದರ ಮೇಲಿಂದ ಕು. ಚಂದನ ಅವರ ದನಿ ಕೇಳಿಸಿತು: "ನಮ್ಮಪ್ಪ ಬರೋವರ್ಗೂ ಆ ತಟ್ಟೆ ಯಾರೂ ಮುಟ್ಟಂಗಿಲ್ಲ. ಅಪ್ಪಾ, ನೀನ್ ನಿಧಾನಕ್ ಬಾ. ನಾನ್ ಇಲ್ಲೇ ಕೂತಿರ್ತೀನಿ."

ಸಹಾಯಕ ನಿರ್ದೇಶಕರು ಸಾರ್ವಜನಿಕರ ಬೆಂಚಿನ ಮೇಲೆ ಕುಳಿತು ಅತ್ತರು. ಇದನ್ನು ಕಡತದಲ್ಲಿ ದಾಖಲಿಸಕೂಡದೆಂದು ಸೂಚನೆ ಇರುವುದರಿಂದ ಕಡತದಲ್ಲಿ ದಾಖಲಿಸದೆ ಸುತ್ತೋಲೆಯಲ್ಲಿ ಮಾತ್ರ ನಮೂದಿಸಲಾಗಿದೆ. ನಾವೂ ಅತ್ತೆವು.

8. ಸಿಕ್ಕಿಸಿದ ಕಡ್ಡಿಯನ್ನು ಸಿಕ್ಕಿಸಿದವರೇ ತೆಗೆಯತಕ್ಕದ್ದು. ಟೀ ಮುಗಿಸಿ, ಬನ್ನು ತಿಂದು, ಪರಿಚಯದವರೊಬ್ಬರ ಮನೆ ಗೃಹಪ್ರವೇಶದ ವಿಚಾರ ಮಾತಾಡಿ ಮರಳಿದ ಶ್ರೀ ಆವಲಪ್ಪನವರು, ಜನ ಸೇರಿರುವುದನ್ನು ಕಂಡು ಬೆರಗಾಗಿ, ಲಾರಿಯ ಅಡಿಗೆ ನುಸುಳಿ ಕಡ್ಡಿಯನ್ನು ಕಿತ್ತುಕೊಂಡು ಬಂದಿರುತ್ತಾರೆ. "ತೆಗಿ ಅಂತ ಯಾರೂ ಹೇಳ್ಲಿಲ್ವಲ್ಲ" ಎಂಬ ಅವರ ಉತ್ತರಕ್ಕೆ ಪಿಳ್ಳಪ್ಪನವರು ಕೊಟ್ಟ ಪ್ರತ್ಯುತ್ತರವನ್ನು, ಅದರಲ್ಲಿ ಆವಲಪ್ಪನವರ ಪೂರ್ವಿಕರ ಪ್ರಸ್ತಾಪ ಇರುವುದರಿಂದ, ಕೈಬಿಡಲಾಗಿದೆ. ಸ್ವಲ್ಪ ಹೊತ್ತಿನಲ್ಲೇ ಮುಳ್ಳು ಮೇಲೇರಿ, ಸ್ಪ್ರಿಂಗ್ ಹಿಂದೆ ಸರಿದು, ಲಾರಿ ಕದಲಿತು.

9. ಸಹಾಯಕ ನಿರ್ದೇಶಕರು ಜೀಪು ಬಿಟ್ಟು ಲಾರಿಯ ಕ್ಯಾಬಿನ್ನಿನಲ್ಲೇ, ಪಿಳ್ಳಪ್ಪನವರ ಪಕ್ಕದಲ್ಲಿ, ತೊಡೆಯ ಮೇಲೆ ಹೂವಿನ ಪೊಟ್ಟಣ ಇಟ್ಟುಕೊಂಡು ತೆರಳಿರುತ್ತಾರೆ. ಮುಹೂರ್ತ ಮೀರಿತ್ತು. ಅಡುಗೆಯವರು ಬೈಯುತ್ತಿದ್ದರು. ಚಂದನ ಅವರು ಮಾತ್ರ ಹೇಳಿದ ಜಾಗದಲ್ಲೇ ಕುಳಿತಿದ್ದರೆಂದೂ, ಬಳಿಕ ಅಪ್ಪನ ಕೈಯಿಂದಲೇ ತಟ್ಟೆ ಬದಲಾಯಿತೆಂದೂ ವರದಿಯಾಗಿದೆ. ಮುಹೂರ್ತ ಮೀರಿ ನಡೆದ ಕಾರ್ಯವು ಊರ್ಜಿತವೇ ಎಂಬ ಬಗ್ಗೆ ಪುರೋಹಿತರ ಅಭಿಪ್ರಾಯ ಕೋರಲಾಗಿ, "ಅಪ್ಪ ಬಂದ್ಮೇಲೆ ಎಲ್ಲಾ ಒಳ್ಳೆ ಗಳಿಗೇನೇ" ಎಂದು ತಿಳಿಸಿರುತ್ತಾರೆ.

ಈ ಸುತ್ತೋಲೆಯು ತಕ್ಷಣದಿಂದ ಜಾರಿಗೆ ಬರುವುದು. ಅರ್ಥವಾಗದವರು ಆವಲಪ್ಪನವರನ್ನು ಕೇಳದೆ ಕೆಳಸಹಿದಾರರನ್ನು ಕೇಳತಕ್ಕದ್ದು.

ಸಹಿ/-
(ಅನಸೂಯ)
ಅಧೀಕ್ಷಕರು
ಸಹಾಯಕ ನಿರ್ದೇಶಕರ ಪರವಾಗಿ
(ಸದರಿಯವರು ಕರಡನ್ನು ಓದಿ, ನಕ್ಕು, ಸಹಿ ಹಾಕಲು ನಿರಾಕರಿಸಿರುತ್ತಾರೆ)

ಪ್ರತಿಗಳು:
1. ಶ್ರೀ ಪಿಳ್ಳಪ್ಪ, ಲಾರಿ ಚಾಲಕರು, ಅನುಗೊಂಡನಹಳ್ಳಿ – ಮಾಹಿತಿಗಾಗಿ. ಮುಂದಿನ ಸಲ ಕೂರದೆ ನೇರವಾಗಿ ಒಳಗೆ ಬರಲು ಕೋರಿದೆ.
2. ಜೀಪಿನ ಚಾಲಕರು – ಮಲಗಿಕೊಂಡೇ ಓದುವುದು.
3. ಆವತಿಯ ಅಡುಗೆಯವರು – ಬೈಗುಳಗಳನ್ನು ಸ್ವೀಕರಿಸಲಾಗಿದೆ.
4. ಸೂಚನಾ ಫಲಕ.
5. ಕು. ಚಂದನ, ಆವತಿ – ಮದುವೆಯ ದಿನ ನಿಮ್ಮ ತಂದೆಯವರು ಹಾಜರಿ ಹಾಕಿ ಬರುತ್ತೇನೆಂದು ಇತ್ತ ಬಂದಲ್ಲಿ, ಯಾವ ಕಾರಣಕ್ಕೂ ಗೇಟು ತೆರೆಯಕೂಡದೆಂದು ಆವಲಪ್ಪನವರಿಗೆ ಆದೇಶಿಸಲಾಗಿದೆ.